ನಾಲ್ಕರಿಂದ ಗುಣಿಸಿ

ಪಿ.ಟಿ. ಮಾಸ್ತರು ಹೊನ್ನಾವರಕ್ಕೆ ವರ್ಗವಾಗಿ ಹೋದ ಮೇಲೆ
ವಾರದ ಆ ಮೂರು ಪೀರಿಯಡ್ಡುಗಳನ್ನು
ಕೇಳಿ ಇಸಕೊಂಡವಳು ನಾನೇ.
ಹೆಡ್ ಮಾಸ್ತರು ಕೊಟ್ಟೇಬಿಟ್ಟರು,
ಯಾರೋ ಬಿಟ್ಟುಹೋದ ಛತ್ರಿ ಕೊಟ್ಟಷ್ಟು ಸಲೀಸಾಗಿ.
ಬೀಜಗಣಿತ ಉಳಿದಿತ್ತು. ಹೊರಗೆ ಜೂನ್ ತಿಂಗಳ ಮಳೆ.
ಕೋಡಿಬಾಗದ ನಮ್ಮ ಮೈದಾನದಲ್ಲಿ
ಏಡಿಗಳು ಓಡಾಡುತ್ತಿದ್ದವು.
ಯಾರಿಗೆ ನಷ್ಟ?

ಜುಲೈ. ಬೆಂಚಿನ ಕೆಳಗೆ ಎಪ್ಪತ್ತಾರು ಕಾಲು,
ಒಂದೂ ಸುಮ್ಮನಿಲ್ಲ.
ಮಂಡಿ ಕುಣಿಯುತ್ತದೆ, ಹೆಬ್ಬೆರಳು ನೆಲ ಗೀರುತ್ತದೆ,
ಒದ್ದೆ ಚಪ್ಪಲಿಯೊಂದು ತಾನೇ ಈಜಿಕೊಂಡು
ಮುಂದಿನ ಸಾಲಿಗೆ ಬರುತ್ತದೆ.
ಎಕ್ಸ್ ಬೆಲೆ ಕಂಡುಹಿಡಿಯಿರಿ ಅಂದರೆ
ಕಿಟಕಿಯ ಕಡೆ ನೋಡುತ್ತಾರೆ,
ಅದು ಈಗಷ್ಟೇ ಕಾಳಿ ಸೇತುವೆ ದಾಟಿ ಹೋದ ಹಾಗೆ.
ಮೂರು ಪೀರಿಯಡ್ಡು ಹೆಚ್ಚಿಗೆ ಕಲಿಸಿದ್ದಕ್ಕೆ
ಕಿರುಪರೀಕ್ಷೆಯಲ್ಲಿ ಬಂದ ಲಾಭ:
ಸರಾಸರಿ ಅರ್ಧ ಅಂಕ ಕಡಿಮೆ.
ಎರಡು ಸಲ ಕೂಡಿ ನೋಡಿದೆ. ಅಷ್ಟೇ.

ಆಗಸ್ಟಿನಲ್ಲಿ ಇಲಾಖೆಯಿಂದ ಒಂದು ನಮೂನೆ ಬಂತು.
ಎತ್ತರ, ತೂಕ, ಐವತ್ತು ಮೀಟರ್ ಓಟ,
ಓಡಿದ ಮೇಲೆ ನಾಡಿಬಡಿತ.
ಪಿ.ಟಿ. ಪೀರಿಯಡ್ಡು ಯಾರ ಹತ್ತಿರ ಇದೆಯೋ
ಅವರೇ ಭರ್ತಿ ಮಾಡಿ ಶನಿವಾರದೊಳಗೆ ಕಳಿಸುವುದು.

ಮಳೆ ಒಂದು ತಾಸು ಬಿಟ್ಟಿತು.
ಗಾಳಿಮರದಿಂದ, ದಡಕ್ಕೆಳೆದು ತಾಡಪಾಲು ಹೊದಿಸಿದ
ಪಾತಿದೋಣಿಯವರೆಗೆ ಹಗ್ಗ ಹಿಡಿದು ಅಳೆದೆವು.
ಓಡಿದರು.
ಹದಿನೈದು ಸೆಕೆಂಡು ಬಡಿತ ಎಣಿಸಿ, ನಾಲ್ಕರಿಂದ ಗುಣಿಸಿ,
ಅಂತ ಕೂಗಿದೆ, ಛತ್ರಿ ಊರಿ ನಿಂತಲ್ಲಿಂದಲೇ.

ಶೆವಂತಿ ಬಾನಾವಳಿಕರ,
ನಾಲ್ಕರ ಮಗ್ಗಿ ಏಳರ ಹತ್ತಿರ ಮುಗಿದುಹೋಗುವ ಹುಡುಗಿ,
ಕುತ್ತಿಗೆಗೆ ಎರಡು ಬೆರಳು ಒತ್ತಿ
ಕಣ್ಣು ಮುಚ್ಚಿ ನಿಂತಳು.
ಮೂವತ್ತೊಂಬತ್ತು, ಅಕ್ಕೋರೇ.
ಆಮೇಲೆ, ಉಸಿರು ಇನ್ನೂ ಹತೋಟಿಗೆ ಬಾರದೆ,
ನೂರಾ ಐವತ್ತಾರು.
ಹೇಗೆ ಮಾಡಿದೆ?
ನಲವತ್ತು ನಾಕ್ಲೆ ನೂರಾ ಅರವತ್ತು, ನಾಕು ತೆಗೆದೆ.
ನಂದೇ ಅಲ್ವಾ ಅಕ್ಕೋರೇ, ತಪ್ಪಬಾರ್ದು.

ಇಲ್ಲಿಗೇ ನಿಲ್ಲಿಸಬಹುದಿತ್ತು.
ಓಡಿದರೆ ಗಣಿತ ಬರುತ್ತದೆ ಎಂದು
ಶಾಲೆಯ ಗೋಡೆಗೆ ಬರೆಸಬಹುದಿತ್ತು.
ಆದರೆ ದತ್ತಾರಾಮ ತಾಂಡೇಲ ಇದ್ದಾನಲ್ಲ.
ಎಲ್ಲರಿಗಿಂತ ಮೊದಲು ದೋಣಿ ಮುಟ್ಟಿದವನು.
ಇಪ್ಪತ್ತಮೂರು ಬಡಿತ, ನಾಲ್ಕರಿಂದ ಗುಣಿಸಿದರೆ ತೊಂಬತ್ತೆರಡು,
ಓಡಿದ್ದೇ ಸುಳ್ಳೇನೋ ಅನ್ನುವಷ್ಟು ಸಾವಕಾಶ.
ಬೋಟುಗಳು ಮತ್ತೆ ಕಡಲಿಗಿಳಿದ ದಿನದಿಂದ
ಬೆಳಗಿನ ಜಾವ ಮೂರೂವರೆಗೆ ಬೈತಖೋಲ್ ಬಂದರಿನಲ್ಲಿ
ಅಪ್ಪನ ಜೊತೆ ಮಂಜುಗಡ್ಡೆಯ ಬುಟ್ಟಿ ಹೊರುತ್ತಾನೆ.
ಎರಡನೇ ಪೀರಿಯಡ್ಡಿಗೆ ಡೆಸ್ಕಿನ ಮೇಲೆ ಕೆನ್ನೆ.
ಎದೆ ಇಷ್ಟು ಗಟ್ಟಿ, ಗಣಿತದಲ್ಲಿ ಒಂಬತ್ತು.
ನಿದ್ದೆ ಎಷ್ಟು ತಾಸು ಎಂಬ ಕಾಲಂ ನಮೂನೆಯಲ್ಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ನಾಲ್ಕು.
ಅದನ್ನು ಯಾವುದರಿಂದ ಗುಣಿಸಲಿ?

ಈಗ ಬೀಜಗಣಿತಕ್ಕೆ ಮೊದಲು ಹತ್ತು ನಿಮಿಷ ಹೊರಗೆ,
ಮಳೆಯಿದ್ದರೆ ಜಗಲಿಯ ಉದ್ದಕ್ಕೆ.
ಚೆಂಡಿನ ಗಾಳಿ ಹೋಗಿದೆ, ಪಂಪು ಹೊನ್ನಾವರದಲ್ಲಿದೆ,
ಚೆಂಡಿಲ್ಲದೆಯೂ ಜಗಳವಾಡಲು ಅವರಿಗೆ ಬರುತ್ತದೆ.
ಒದ್ದೆ ಮರಳಿನ ವಾಸನೆ ಹೊತ್ತು ಒಳಗೆ ಬಂದು ಕೂತರೆ
ಬೆಂಚಿನ ಕೆಳಗೆ ಇಪ್ಪತ್ತು ನಿಮಿಷ ಕದನವಿರಾಮ.
ಅಷ್ಟರಲ್ಲಿ ಹೇಳುವುದನ್ನೆಲ್ಲ ಹೇಳಿಬಿಡುತ್ತೇನೆ.
ದತ್ತಾರಾಮನಿಗೆ ಮಾತ್ರ ಓಟ ಬೇಡ ಅಂದಿದ್ದೇನೆ.
ಆ ಹತ್ತು ನಿಮಿಷ ಅವನು
ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗುತ್ತಾನೆ.
ಹೆಡ್ ಮಾಸ್ತರರಿಗೆ ಜ್ವರ ಅಂತ ಹೇಳಿಟ್ಟಿದ್ದೇನೆ,
ಮೂರು ವಾರದ ಜ್ವರ.

ನಿನ್ನೆ ನನ್ನನ್ನೂ ಎಳೆದರು.
ಸೆರಗು ಸಿಕ್ಕಿಸಿ, ಗಾಳಿಮರದಿಂದ ದೋಣಿಯವರೆಗೆ.
ದೋಣಿಯ ಅಂಚು ಹಿಡಿದು ಬಗ್ಗಿ ನಿಂತಾಗ
ಶೆವಂತಿ ನನ್ನ ಮಣಿಕಟ್ಟು ಹಿಡಿದಿದ್ದಳು,
ತುಟಿ ಅಲ್ಲಾಡುತ್ತಿತ್ತು.
ಎಷ್ಟೇ, ಅಂದೆ.
ಮಾತಾಡ್ಬೇಡಿ ಅಕ್ಕೋರೇ,
ಲೆಕ್ಕ ತಪ್ತದೆ.